ಬೂಟು ಹೊಸದಾಗಿಯೇ ಇತ್ತು

ಮಸ್ಕಿಯ ಆ ತಾಯಿ ಅವತ್ತು ನಕ್ಕಳೋ ಅತ್ತಳೋ ನನಗೆ ಖಚಿತವಾಗಿ ಗೊತ್ತಿಲ್ಲ. ಆಕೆಯ ಮಗುವಿನ ಬೂಟನ್ನು ವಾಪಸ್ ಪಡೆದಾಗ ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದೆ. ಆಕೆಯ ಬಾಯಿಂದ ಒಂದು ಸದ್ದು ಬಂತು. ನನ್ನ ನೆನಪಿನಲ್ಲಿ ಅದು ನಗು. ಕ್ಲಿನಿಕ್ಕಿನ ಸ್ವಯಂಸೇವಕಿ ತಮ್ಮ ವರ್ಷಾಂತ್ಯದ ಬರಹದಲ್ಲಿ ಅದನ್ನು ಅಳು ಎಂದಿದ್ದಾರೆ. ಅಳುವಿನ ಜೊತೆಗೆ ಒಂದು ಕೃತಜ್ಞತೆಯ ಮಾತನ್ನೂ ಸೇರಿಸಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ, ಕ್ಷೇತ್ರಕಾರ್ಯ ಮಾಡಿದವನ ನೆನಪನ್ನು ಸಾಕ್ಷ್ಯವೆಂದು ಹಿಡಿಯಬೇಡಿ ಎಂದು ನಮಗೆ ಕಲಿಸಿದ್ದರು. ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ, ಇದೊಂದು ಮಾತ್ರ ಬಿಟ್ಟಿಲ್ಲ. ಅವರ ಬರಹವನ್ನು ನಾನು ನಂಬುವುದಿಲ್ಲ, ನನ್ನ ನೆನಪನ್ನೂ ನಂಬುವುದಿಲ್ಲ. ಅನುಮಾನ ಬಂದಲ್ಲಿ ಹಾಗೆಂದು ಹೇಳುತ್ತಾ ಹೋಗುತ್ತೇನೆ.

ಸ್ವಯಂಸೇವಕಿ ಐವತ್ತು ದಾಟಿದ ಫಿಜಿಯೋಥೆರಪಿಸ್ಟ್. ಚಳಿದೇಶದ ಒಂದು ಸಣ್ಣ ಊರಿನ ಚರ್ಚು ಅವರನ್ನು ಒಂದು ವರ್ಷದ ಸೇವೆಗೆ ಸಿಂಧನೂರಿಗೆ ಕಳಿಸಿತ್ತು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡ ಮಕ್ಕಳಿಗೆ ಪುಕ್ಕಟೆ ಚಿಕಿತ್ಸೆ ಕೊಡುವುದು ಕೆಲಸ. ಅಕ್ಕಿ ಗಿರಣಿಯೊಂದರ ಹಿಂದಿನ ಪ್ರಾರ್ಥನಾ ಮಂದಿರದ ಪಕ್ಕದ ಕೋಣೆಯೇ ನಮ್ಮ ಕ್ಲಿನಿಕ್. ಪ್ರತಿ ಬುಧವಾರ ನಡೆಯುತ್ತಿತ್ತು. ಗಿರಣಿ ಓಡುತ್ತಿದ್ದರೆ ಮೇಜಿನ ಮೇಲೆ ತೌಡಿನ ಧೂಳು ಕೂರುತ್ತಿತ್ತು, ಹತ್ತಿ ಬಿಚ್ಚುವ ಮುಂಚೆ ಮೇಜನ್ನು ಎರಡೆರಡು ಸಲ ಒರೆಸಬೇಕಾಗುತ್ತಿತ್ತು. ನಾನು ಅವರ ದುಭಾಷಿ. ಲಿಂಗಸುಗೂರಿನವನು, ಓದು ಮುಗಿಸಿ ಯಾವ ಕೆಲಸದಲ್ಲೂ ನೆಲೆ ನಿಲ್ಲದೆ ಅಲೆಯುತ್ತಿದ್ದಾಗ ಈ ಕೆಲಸ ಸಿಕ್ಕಿತು. ದೇವರನ್ನು ನಂಬುವುದಿಲ್ಲ ಎಂದು ಮೊದಲ ದಿನವೇ ಅವರಿಗೆ ಹೇಳಿದ್ದೆ. "ಪರವಾಗಿಲ್ಲ, ನೀವು ನನ್ನ ಮಾತನ್ನು ಅನುವಾದಿಸಿದರೆ ಸಾಕು, ನನ್ನ ಪ್ರಾರ್ಥನೆಯನ್ನಲ್ಲ" ಎಂದಿದ್ದರು. ಒಳ್ಳೆಯ ಉತ್ತರ ಅನ್ನಿಸಿತ್ತು.

ಅವರ ಕೈ ಒಳ್ಳೆಯದು, ಅದರಲ್ಲಿ ನನಗೆ ಅನುಮಾನವಿಲ್ಲ. ಕೂಸಿನ ಪಾದವನ್ನು ಒತ್ತಾಯ ಮಾಡದೆ, ಒಂದು ಹೆಬ್ಬೆರಳನ್ನು ಪಾದದ ಹೊರಗಿನ ಮೂಳೆಯ ಮೇಲೆ ಊರಿ, ಇನ್ನೊಂದು ಕೈಯಿಂದ ಮುಂಗಾಲನ್ನು ಸ್ವಲ್ಪ ಸ್ವಲ್ಪ ಹೊರಕ್ಕೆ ತರುತ್ತಿದ್ದರು. ಅದೇ ಸ್ಥಿತಿಯಲ್ಲಿ ಹತ್ತಿ ಸುತ್ತಿ, ಅದರ ಮೇಲೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಗಟ್ಟಿಯಾಗುವವರೆಗೆ ಹಿಡಿದಿರುತ್ತಿದ್ದರು. ತೊಡೆಯವರೆಗೂ ಪ್ಲಾಸ್ಟರ್. ಮುಂದಿನ ವಾರ ಅದನ್ನು ನೆನೆಸಿ ತೆಗೆದು, ಪಾದವನ್ನು ಇನ್ನಷ್ಟು ಹೊರಕ್ಕೆ ತಂದು, ಹೊಸದು. ಹೀಗೆ ಐದಾರು ವಾರ. ಆಮೇಲೆ ಜಿಲ್ಲಾ ಕೇಂದ್ರದಿಂದ ಬರುತ್ತಿದ್ದ ಮೂಳೆ ಡಾಕ್ಟರು ಹಿಮ್ಮಡಿಯ ಹಿಂದಿನ ಹುರಿಯಂಥ ಸ್ನಾಯುರಜ್ಜುವನ್ನು ಸಣ್ಣ ಬ್ಲೇಡಿನಿಂದ ಕತ್ತರಿಸುತ್ತಿದ್ದರು. ಕೊನೆಯದೊಂದು ಪ್ಲಾಸ್ಟರ್ ಕಟ್ಟಿ ಬಿಚ್ಚಿದರೆ ಪಾದ ನೇರ. ಮೊದಲ ಸಲ ಅದನ್ನು ನೋಡಿದ ತಾಯಂದಿರು ಪಾದವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು, ಬೇರೆ ಯಾರದೋ ಕೂಸನ್ನು ಕೊಟ್ಟಿದ್ದಾರೆ ಎಂಬಂತೆ.

ನಿಜವಾದ ಕಷ್ಟ ಅಲ್ಲಿಂದ ಶುರು. ನೇರವಾದ ಪಾದ ಮತ್ತೆ ಒಳಕ್ಕೆ ಹೋಗುತ್ತದೆ. ಹೋಗದಂತೆ ತಡೆಯಲು ಒಂದು ಜೊತೆ ತೊಗಲಿನ ಬೂಟು, ಎರಡನ್ನೂ ಸೇರಿಸುವ ಒಂದು ಕಬ್ಬಿಣದ ಪಟ್ಟಿ. ಮೊದಲ ಮೂರು ತಿಂಗಳು ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬಹುದು. ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ. ಹಾಕದಿದ್ದರೆ ಪಾದ ಹಿಂದಕ್ಕೆ ಹೋಗಿ ದೊಡ್ಡ ಆಪರೇಷನ್ ಆಗಬೇಕು. ಅದಾದ ಮೇಲೂ ಪಾದ ಮರದ ತುಂಡಿನಂತೆ ಬಿಗಿದುಕೊಳ್ಳುತ್ತದೆ. ಆಪರೇಷನ್ ಮಾಡಿಸುವ ಶಕ್ತಿ ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ.

ಮಸ್ಕಿಯಿಂದ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಕಿರಾಣಿ ಅಂಗಡಿಯ ಮನೆಯವರು, ಹಣೆಗೆ ವಿಭೂತಿ, ಅತ್ತೆಯ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಸೊಸೆಯ ತೊಡೆಯ ಮೇಲೆ ಒಂದು ಹೆಣ್ಣು ಕೂಸು, ಬಲಗಾಲಿನ ಪಾದ ಒಳಕ್ಕೆ ಮಡಚಿಕೊಂಡಿತ್ತು.

"ನಮ್ಮ ಕಡೀಲೆ ಯಾರಿಗೂ ಇಲ್ರಿ ಇದು," ಎಂದು ಅತ್ತೆಯೇ ಶುರು ಮಾಡಿದರು. "ಗ್ರಹಣ ಹಿಡಿದಾಗ ಈಳಿಗಿ ಮುಂದ ಇಟ್ಕೊಂಡು ಕುಂತಿದ್ಲು ಮಹಾರಾಣಿ. ಬ್ಯಾಡಬೇ ಅಂದ್ರ ಕೇಳಬೇಕಲ್ಲ."

"ಗ್ರಹಣದ ದಿನ ನಾ ಮಲಗೇ ಇದ್ದೆನ್ರಿ," ಎಂದಳು ಸೊಸೆ, ನನ್ನನ್ನು ನೋಡಿ.

"ಮಲಗಿದಾಕಿಗೆ ಹೀರಿಕಾಯಿ ಯಾರು ಹೆಚ್ಚಿ ಕೊಟ್ರು ಮತ್ತ? ನಾನಾ?"

ಸ್ವಯಂಸೇವಕಿ ಏನಂತೆ ಎಂದು ಕೇಳಿದರು. ಹೇಳಿದೆ. ಅವರು ಗ್ರಹಣಕ್ಕೂ ಪಾದಕ್ಕೂ ಸಂಬಂಧವಿಲ್ಲ, ಯಾರ ತಪ್ಪೂ ಇಲ್ಲ ಎಂದು ಹೇಳಲು ಹೇಳಿದರು. ಅದನ್ನೂ ಹೇಳಿದೆ. ಅತ್ತೆ ತಲೆ ಆಡಿಸಿದರು. ಹೊರಗೆ ಹೋಗುವಾಗ ಸೊಸೆಗೆ, "ಹೀರಿಕಾಯಿ ಹೆಚ್ಚಬ್ಯಾಡ ಅಂತ ಆ ಬಿಳಿ ಅಮ್ಮನೂ ಅಂದ್ಳು ನೋಡು" ಎಂದದ್ದು ನನ್ನ ಕಿವಿಗೆ ಬಿತ್ತು.

ಆದರೂ ವಾರ ತಪ್ಪದೆ ಬಂದರು. ಗದ್ದೆಗಳಲ್ಲಿ ನಾಟಿ ನಡೆದು ಬಸ್ಸುಗಳು ತುಂಬಿ ತುಳುಕುವ ಕಾಲದಲ್ಲೂ ಬಂದರು. ಪ್ಲಾಸ್ಟರ್ ಹಾಕುವ ಮುನ್ನ ಸ್ವಯಂಸೇವಕಿ ತಲೆ ಬಗ್ಗಿಸಿ ಸದ್ದಿಲ್ಲದೆ ಪ್ರಾರ್ಥಿಸುತ್ತಿದ್ದರು. ಅಷ್ಟು ಹೊತ್ತು ಅತ್ತೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು "ಶಿವಾ ಶಿವಾ" ಅನ್ನುತ್ತಿದ್ದರು. ಇಬ್ಬರೂ ಮುಗಿಸಿದ ಮೇಲೆ ನಾನು ಬಕೆಟ್ಟಿಗೆ ನೀರು ಬಿಡುತ್ತಿದ್ದೆ.

ಬೂಟು ಹಾಕುವ ದಿನ ಜಗಳವಾಯಿತು.

"ಏನ್ರಿ ಇದು, ಕೂಸಿಗೆ ಬೇಡಿ ಹಾಕಾಕತ್ತೀರಿ? ಕಳವು ಮಾಡೇತೇನು ಅದು?" ಎಂದು ಅತ್ತೆ ಪಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಆಮೇಲೆ ಬೂಟನ್ನು ಮೂಸಿದರು. "ತೊಗಲೇನ್ರಿ?"

"ಹೌದ್ರಿ."

"ಹಗಲಿ ರಾತ್ರಿ ತೊಗಲ ಮೆಟ್ಟಿಕೊಂಡು ಕೂಸು ಮನಿ ಒಳಗ ಇರಬೇಕಾ? ನಮ್ಮ ಮನ್ಯಾಗ ದೇವರ ಜಗಲಿ ಐತಿ. ದಿನಾ ಲಿಂಗಪೂಜಿ ನಡೀತೈತಿ. ನಮ್ಮ ಯಜಮಾನ್ರು ಅಂಗಡಿಯಿಂದ ಬಂದ್ರ ಹೊಸ್ತಿಲ ಹೊರಗ ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು ಒಳಗ ಬರ್ತಾರ. ಇಕಿ ಏನು ಅವರಿಗಿಂತ ದೊಡ್ಡಾಕಿ?"

"ಅಮ್ಮಾ, ಇದನ್ನ ಚಪ್ಪಲಿ ಅಂತ ತಿಳಿಬ್ಯಾಡ್ರಿ. ಔಷಧ ಅಂತ ತಿಳೀರಿ," ಎಂದೆ. ಇದು ಅನುವಾದವಲ್ಲ, ನನ್ನದೇ ಮಾತು.

"ಔಷಧ ಕುಡಿಯೂದು ತಮ್ಮಾ, ಮೆಟ್ಟೂದಲ್ಲ. ನಿನ್ನ ಕೊರಳಾಗ ಲಿಂಗ ಐತೇನು?"

"ಇಲ್ರಿ."

"ಹಂಗಾರ ಈ ಮಾತಿನ್ಯಾಗ ನೀ ಬರಬ್ಯಾಡ."

ನನ್ನ ಲಿಂಗ ಲಿಂಗಸುಗೂರಿನ ಮನೆಯ ಗೂಡಿನಲ್ಲಿ, ನಮ್ಮವ್ವನ ಸುಪರ್ದಿಯಲ್ಲಿತ್ತು. ಅದನ್ನು ಹೇಳಿದ್ದರೆ ಅತ್ತೆ ಇನ್ನಷ್ಟು ರೇಗುತ್ತಿದ್ದರು. ಸ್ವಯಂಸೇವಕಿ ಬೂಟಿನ ನಿಯಮಗಳನ್ನು ಹೇಳಿದರು: ಒಳಗೆ ಕಾಲುಚೀಲ ಮಾತ್ರ, ಕಾಲಿಗೆ ಗೆಜ್ಜೆ ಬೇಡ, ಬೂಟಿನ ಮೇಲೆ ಬಟ್ಟೆ ಗಿಟ್ಟೆ ಏನೂ ಸುತ್ತಬೇಡಿ, ಬೆವರು ಕೂತು ಚರ್ಮ ಕೊಳೆಯುತ್ತದೆ. ಆ ತಾಯಿ ಒಂದೊಂದಕ್ಕೂ "ಹೂಂನ್ರಿ" ಅಂದಳು. ಹೋಗುವಾಗ ಒಂದು ಮಾತು ಕೇಳಿದಳು: "ಅಣ್ಣಾರ, ಇದನ್ನ ಹಾಕಿದ್ರ ಖರೇನ ಹಂಗ ಉಳಿತೈತಿ? ಮತ್ತ ಸೊಟ್ಟ ಆಗಂಗಿಲ್ಲ?" ನಾನು ಸ್ವಯಂಸೇವಕಿಯನ್ನು ಕೇಳಿ, ಆಗುವುದಿಲ್ಲ ಎಂದು ಹೇಳಿದೆ.

ಬೂಟುಗಳು ನಮ್ಮಲ್ಲಿ ಕಡಿಮೆ ಇದ್ದವು. ವಿದೇಶದಿಂದ ಪೆಟ್ಟಿಗೆಯಲ್ಲಿ ಬರಬೇಕು, ಬಂದರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದವು. ಒಂದು ಕೂಸಿಗೆ ಚಿಕ್ಕದಾದದ್ದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದು ಕೂಸಿಗೆ ಕೊಡುತ್ತಿದ್ದೆವು. ಆದ್ದರಿಂದ ಬೂಟು ಕೊಂಡೊಯ್ದವರು ಹಾಕುತ್ತಿದ್ದಾರೋ ಇಲ್ಲವೋ ಎಂಬುದು ನಮಗೆ ದೊಡ್ಡ ವಿಷಯವಾಗಿತ್ತು. ಸ್ವಯಂಸೇವಕಿ ಅದಕ್ಕೊಂದು ಪರೀಕ್ಷೆ ಕಲಿಸಿಕೊಟ್ಟರು. ಕೂಸು ಕಾಲು ಝಾಡಿಸುತ್ತದೆ, ನೆಲಕ್ಕೆ ಗೋಡೆಗೆ ಬಡಿಯುತ್ತದೆ, ಅಟ್ಟೆಯ ಅಂಚು ಸವೆಯಬೇಕು, ತೊಗಲಿನ ಮೇಲೆ ಗೀರು ಬೀಳಬೇಕು. ಉಚ್ಚೆಯ ಕಲೆ ಇರಬೇಕು. ಬೂಟು ಹೊಸದಾಗಿ ಕಂಡರೆ ಹಾಕಿಲ್ಲ. "ತಾಯಿ ಸುಳ್ಳು ಹೇಳಬಹುದು, ಬೂಟು ಹೇಳುವುದಿಲ್ಲ" ಎನ್ನುತ್ತಿದ್ದರು. ನನಗೆ ಇದು ಬಹಳ ಹಿಡಿಸಿತು. ಮಾತಿಗಿಂತ ವಸ್ತು ಮೇಲು ಎಂದು ನಾನೂ ನಂಬಿದವನು.

ಪರೀಕ್ಷೆಯಲ್ಲಿ ಒಬ್ಬೊಬ್ಬರೇ ಸಿಕ್ಕಿಬೀಳತೊಡಗಿದರು. ಒಬ್ಬಳು ಬಸ್ ನಿಲ್ದಾಣದಲ್ಲಿ ಕೂತು ಬೂಟು ತೊಡಿಸಿ ತರುತ್ತಿದ್ದಳು. ಮುಕ್ಕುಂದದ ಒಂದು ಕೂಸು ಎರಡು ಬುಧವಾರ ಬರಲಿಲ್ಲ. ನಾವೇ ಹೋದೆವು, ಹೇಳದೆ ಕೇಳದೆ. ತಾಯಿ ಸಸಿ ಕೀಳಲು ಗದ್ದೆಗೆ ಹೋಗಿದ್ದಳು. ಅಂಗಳದಲ್ಲಿ ಕೂಸಿನ ಅಜ್ಜಿ ಇದ್ದಳು. ಬೂಟು ಎಲ್ಲಿ ಎಂದರೆ ಅಜ್ಜಿ ಕೋಳಿಗೂಡಿನ ಕಡೆ ಕೈ ತೋರಿಸಿದಳು. ಬೂಟು ಸಮೇತ ಆ ಕಬ್ಬಿಣದ ಪಟ್ಟಿಯನ್ನು ಗೂಡಿನ ಬಾಗಿಲಿಗೆ ಅಗಳಿಯಂತೆ ಸಿಕ್ಕಿಸಿದ್ದರು.

"ಚಲೋ ಬಿಗಿತೈತ್ರಿ," ಎಂದಳು ಅಜ್ಜಿ. "ಮೊದಲೆಲ್ಲಾ ಬೆಕ್ಕು ಬರ್ತಿತ್ತು."

ನನಗೆ ನಗು ಬಂತು. ಸ್ವಯಂಸೇವಕಿ ಬೂಟನ್ನು ಎಳೆದು ತೆಗೆದುಕೊಂಡು ಜೀಪು ಹತ್ತಿದರು. ಕೋಳಿಗಳು ಹೊರಗೆ ಬಂದವು. ಕಾಲುವೆಯ ರಸ್ತೆಯಲ್ಲಿ ಭತ್ತದ ಲಾರಿಗಳ ಹಿಂದೆ ಸಿಂಧನೂರಿಗೆ ಬಂದೆವು. ಇಳಿಯುವಾಗ ಅವರು ಹೇಳಿದರು: "ನಾನು ಇಲ್ಲಿಗೆ ಎಲ್ಲರಿಗೂ ಇಷ್ಟವಾಗಲು ಬಂದವಳಲ್ಲ." ಆ ವಾರವೇ ನಿಯಮ ಬಂತು. ಬೂಟು ಹಾಕದಿರುವುದು ಕಂಡುಬಂದರೆ ಒಂದು ಎಚ್ಚರಿಕೆ. ಎರಡನೆಯ ಸಲ ಬೂಟು ವಾಪಸ್, ಚಿಕಿತ್ಸೆ ಬಂದ್.

ಮಸ್ಕಿಯ ಕೂಸಿಗೆ ಎಚ್ಚರಿಕೆ ಸಿಕ್ಕಿದ್ದು ಚಳಿ ಶುರುವಾದಾಗ. ಬೂಟು ಹೊಳೆಯುತ್ತಿತ್ತು. ಒಂದು ಗೀರಿಲ್ಲ. ಸ್ವಯಂಸೇವಕಿ ಬೂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆ ತಾಯಿ, "ಹಾಕೀನ್ರಿ, ದಿನಾ ಹಾಕೀನ್ರಿ" ಅಂದಳು. ಪಾದ ಆಗಿನ್ನೂ ನೇರವಾಗಿತ್ತು. ಎಚ್ಚರಿಕೆ ಕೊಟ್ಟು ಕಳಿಸಿದೆವು.

ಎರಡನೆಯ ಸಲ ಬಂದಾಗ ಕ್ರಿಸ್ಮಸ್ ಹತ್ತಿರವಾಗಿತ್ತು. ಸ್ವಯಂಸೇವಕಿಯ ವರ್ಷ ಮುಗಿಯುತ್ತಾ ಬಂದಿತ್ತು. ಅದು ಅವರು ಇರುವ ಕೊನೆಯ ಕ್ಲಿನಿಕ್‌ಗಳಲ್ಲಿ ಒಂದು. ಹೊಸ ಬೂಟಿನ ಪೆಟ್ಟಿಗೆ ಬಂದಿರಲಿಲ್ಲ. ಕೊನೆಯ ಪ್ಲಾಸ್ಟರ್ ಬಿಚ್ಚಿಸಿಕೊಂಡ ಒಂದು ಕೂಸು ಬೆಂಚಿನ ಮೇಲೆ ಬೂಟಿಗಾಗಿ ಕಾಯುತ್ತಿತ್ತು. ಅದಕ್ಕೆ ಸರಿಹೊಂದುವ ಅಳತೆ ನಮ್ಮಲ್ಲಿ ಇರಲಿಲ್ಲ. ಬೆಂಚಿನ ತುಂಬ ಬೇರೆ ತಾಯಂದಿರೂ ಇದ್ದರು.

ಸ್ವಯಂಸೇವಕಿ ಮಸ್ಕಿಯ ಕೂಸಿನ ಬೂಟು ಬಿಚ್ಚಿ ಪಾದ ಹಿಡಿದರು. ಹಿಮ್ಮಡಿ ಒಳಕ್ಕೆ ವಾಲತೊಡಗಿತ್ತು. ಸ್ವಲ್ಪವೇ, ಆದರೆ ನನಗೂ ಕಾಣುವಷ್ಟು. ಆಮೇಲೆ ಬೂಟು ನೋಡಿದರು. ಅಂಗಡಿಯಿಂದ ಈಗ ತಂದಂತಿತ್ತು. ಬೂಟು ಬಿಗಿಯುವ ತೊಗಲಿನ ಪಟ್ಟಿಯ ತೂತಿನ ಬಳಿ ಮಡಿಚಿದ ಗುರುತೊಂದಿತ್ತು ಎಂದು ನನಗೆ ಈಗ ನೆನಪು. ಆದರೆ ಆಗಲೇ ಅದನ್ನು ಕಂಡಿದ್ದೆನೇ, ಮುಂದೆ ಎಲ್ಲ ಗೊತ್ತಾದ ಮೇಲೆ ಮನಸ್ಸು ಆ ಗುರುತನ್ನು ಅಲ್ಲಿ ಬರೆಯಿತೇ, ಹೇಳಲಾರೆ.

"ಎಷ್ಟು ದಿನದಿಂದ ಹಾಕಿಲ್ಲ ಎಂದು ಕೇಳಿ," ಎಂದರು.

ಕೇಳಿದೆ.

"ಒಂದಿನಾ ಬಿಟ್ಟಿಲ್ರಿ," ಎಂದಳು ತಾಯಿ. "ಆಣಿ ಮಾಡಿ ಹೇಳ್ತೀನ್ರಿ. ಎರೆಯೂ ಮುಂದ ಬಿಚ್ಚತೀನಿ, ಎರೆದು ಒರಸಿದ ಕೂಡಲೆ ಹಾಕತೀನಿ."

ಸ್ವಯಂಸೇವಕಿ ಒಂದು ವರ್ಷದಲ್ಲಿ ಸ್ವಲ್ಪ ಕನ್ನಡ ಕಲಿತಿದ್ದರು. ಚಲೋ, ನೀರು, ಅಳಬೇಡ, ರೊಟ್ಟಿ. ಬೂಟನ್ನು ಆಕೆಯ ಮುಖದ ಮುಂದೆ ಹಿಡಿದು, ನನ್ನ ನೆರವಿಲ್ಲದೆ, "ಸುಳ್ಳು," ಅಂದರು.

ಆ ತಾಯಿ ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆಗೆ ಒರಗಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

ನಾನು ಸ್ವಯಂಸೇವಕಿಗೆ ಇಂಗ್ಲಿಷಿನಲ್ಲಿ, ಮಸ್ಕಿಗೆ ಹೋಗಿ ಮನೆ ನೋಡಿಬರೋಣ, ಆಮೇಲೆ ತೀರ್ಮಾನಿಸೋಣ ಎಂದೆ. ಬೂಟು ಹಾಕಿದರೂ ಕೆಲವು ಪಾದಗಳು ಹಿಂದಕ್ಕೆ ಹೋಗುತ್ತವೆ ಎಂದು ಡಾಕ್ಟರು ಒಮ್ಮೆ ಹೇಳಿದ್ದನ್ನು ನೆನಪಿಸಿದೆ. ಹೀಗೆ ಹೇಳಿದೆ ಎಂದು ನನ್ನ ನೆನಪು. ನೆನಪಿಗೆ ತನ್ನ ಯಜಮಾನನ ಮೇಲೆ ಪಕ್ಷಪಾತ ಇರುತ್ತದೆ, ಆದ್ದರಿಂದ ಇಷ್ಟು ಸ್ಪಷ್ಟವಾಗಿ ಹೇಳಿರಲಿಕ್ಕಿಲ್ಲ. ಅವರು ಕೊಟ್ಟ ಉತ್ತರ ಮಾತ್ರ ಚೆನ್ನಾಗಿ ನೆನಪಿದೆ. "ಆ ಬೆಂಚಿನ ಮೇಲಿರುವ ಕೂಸಿನ ಪಾದ ಇವತ್ತು ನೇರವಾಗಿದೆ. ನಾವು ಮಸ್ಕಿಗೆ ಹೋಗಿ ಬಂದು ಮುಂದಿನ ಬುಧವಾರ ಆಗುವಷ್ಟರಲ್ಲಿ ಅದು ಹಾಗೇ ಇರುವುದಿಲ್ಲ. ಯಾವ ಕೂಸಿನ ಕಾಲು ಉಳಿಯಲಿ, ನೀವೇ ಹೇಳಿ."

ತೀರ್ಮಾನವನ್ನು ಅವರು ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ: ನಿಮ್ಮ ಕೂಸಿನ ಚಿಕಿತ್ಸೆ ಇಲ್ಲಿಗೆ ಮುಗಿಯಿತು. ಬೂಟು ಬಿಟ್ಟು ಹೋಗಬೇಕು. ಮುಂದಿನ ವಾರ ಬರಬೇಡಿ. ದುಭಾಷಿಯ ಕೆಲಸದಲ್ಲಿ ಒಂದು ಪದ್ಧತಿಯಿದೆ. ಹೇಳುವವರ ಪರವಾಗಿ "ನಾನು" ಎಂದೇ ಹೇಳಬೇಕು, "ಅವರು ಹೀಗೆನ್ನುತ್ತಾರೆ" ಎನ್ನಬಾರದು. ನಾನು ಪದ್ಧತಿ ಪ್ರಕಾರವೇ ಹೇಳಿದೆ.

"ಈ ಸಲಾ ಒಂದು ಬಿಡ್ರಿ ಅಣ್ಣಾರ," ಎಂದಳು. "ಇಲ್ಲೇ ಇರ್ತೀನ್ರಿ. ನಿಮ್ಮ ಕಣ್ಣ ಮುಂದನ ಹಾಕಿಟ್ಕೋತೀನಿ. ನೋಡ್ರಿ ಬೇಕಾರ."

ಅದನ್ನೂ ಅನುವಾದಿಸಿದೆ. ಸ್ವಯಂಸೇವಕಿ ಆಕೆಯ ಭುಜದ ಮೇಲೆ ಕೈಯಿಟ್ಟು, ನಿನಗಾಗಿ ಪ್ರಾರ್ಥಿಸುತ್ತೇನೆ ಎಂದರು. ಆಮೇಲೆ ಬೂಟಿಗೆ ಸ್ಪಿರಿಟ್ ಸವರಿ ಒರೆಸಿ, ಪಟ್ಟಿಯ ಸ್ಕ್ರೂ ಸಡಿಲಿಸಿ ಕೋನ ಸರಿಮಾಡಿ, ಬೆಂಚಿನ ಮೇಲಿದ್ದ ಕೂಸಿನ ಕಾಲಿಗೆ ಹಾಕಿದರು. ಅಲ್ಲೇ, ಎಲ್ಲರ ಎದುರು. ಬೇರೆ ತಾಯಂದಿರು ತಂತಮ್ಮ ಮಕ್ಕಳ ಬೂಟಿನ ಮೇಲೆ ಕೈ ಮುಚ್ಚಿಕೊಂಡರು. ಬೂಟು ಪಡೆದ ತಾಯಿ ಯಾರ ಕಡೆಯೂ ನೋಡದೆ ಕೂತಿದ್ದಳು.

ಆ ಸದ್ದು ಬಂದದ್ದು ಆಗ. ನಗುವೋ ಅಳುವೋ, ಅದು.

ಆಮೇಲೆ ಮಸ್ಕಿಯ ತಾಯಿ ಹೇಳಿದ್ದು ಒಂದೇ ಮಾತು. "ಕಾಲುಚೀಲ ಕೊಡ್ರಿ. ಅವು ನಮ್ಮವು." ಬೂಟಿನ ಜೊತೆಗೆ ಅವೂ ಆ ಕೂಸಿನ ಹತ್ತಿರ ಹೋಗಿದ್ದವು. ನಾನೇ ತಂದುಕೊಟ್ಟೆ. ಅವನ್ನು ಮಡಿಚಿ ಚೀಲದಲ್ಲಿ ಹಾಕಿಕೊಂಡಳು.

ಅತ್ತೆ ಎದ್ದು ಸೆರಗು ಝಾಡಿಸಿದರು. "ಚಲೋ ಆತು ಬಿಡ್ರಿ. ಇನ್ನ ಕೂಸು ಜಗಲಿ ಮಟಾ ಬರ್ತೈತಿ," ಎಂದು ನನಗೆ ಹೇಳಿ, ಸೊಸೆಗೆ, "ನಡೀಬೇ, ಬಸ್ಸು ತಪ್ಪತೈತಿ" ಅಂದರು.

ಮುಂದಿನ ಬುಧವಾರ ಬಂದ ಬೂಟುಗಳೆಲ್ಲ ಸವೆದಿದ್ದವು, ಗೀಚಿಕೊಂಡಿದ್ದವು. ಸ್ವಯಂಸೇವಕಿಗೆ ಬಹಳ ಸಂತೋಷವಾಯಿತು. ಮಧ್ಯಾಹ್ನ ನಾನು ಪ್ಲಾಸ್ಟರ್ ನೀರು ಚೆಲ್ಲಲು ಹಿಂದಕ್ಕೆ ಹೋದಾಗ, ತಡವಾಗಿ ಬಂದ ಒಬ್ಬ ತಾಯಿ ಗಿರಣಿಯ ಕಾಂಪೌಂಡಿನ ಒರಟು ಗೋಡೆಗೆ ಕೂಸಿನ ಬೂಟನ್ನು ತಿಕ್ಕುತ್ತಾ ನಿಂತಿದ್ದಳು. ಕೂಸು ಬರಿಗಾಲಲ್ಲಿ ಕಂಕುಳಲ್ಲಿತ್ತು.

"ಏನು ಮಾಡಾಕತ್ತೀಯವ್ವ?"

"ಹೊಸಾವು ಕಂಡ್ರ ಕಸಕೋತಾರಂತಲ್ರಿ," ಎಂದಳು. ಗಾಬರಿಯೇನೂ ಪಡಲಿಲ್ಲ. "ಇಷ್ಟು ಸಾಕಾ? ಇಲ್ಲಾ ಇನ್ನ ಜರಾ ತಿಕ್ಕಲ್ಯಾ?"

ಒಳಗೆ ಬಂದು ಸ್ವಯಂಸೇವಕಿಗೆ ಹೇಳಿದೆ. ಅವರು ಕೈ ತೊಳೆಯುತ್ತಿದ್ದರು. "ಒಬ್ಬಳು," ಅಂದರು. ಆಮೇಲೆ, "ಎಲ್ಲ ಕಡೆ ಒಬ್ಬರು ಇದ್ದೇ ಇರುತ್ತಾರೆ."

ಕ್ರಿಸ್ಮಸ್ ಸಂಜೆ ಪ್ರಾರ್ಥನಾ ಮಂದಿರದಲ್ಲಿ ಅವರ ಬೀಳ್ಕೊಡುಗೆ ಇತ್ತು. ತಮ್ಮ ಊರಿನ ಚರ್ಚಿಗೆಂದು ಬರೆದ ವರ್ಷಾಂತ್ಯದ ಚಿಂತನೆಯನ್ನು ಅವರು ಅಲ್ಲಿ ಓದಿದರು. ಪ್ಯಾರಾ ಪ್ಯಾರಾ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಬಿಸಿಲಿನ ಬಗ್ಗೆ ಬರೆದಿದ್ದರು, ರೊಟ್ಟಿ ಬಡಿಯಲು ಕಲಿತದ್ದರ ಬಗ್ಗೆ, ಪರದೇಶದಲ್ಲಿ ಒಬ್ಬರೇ ಕೂತು ಹಾಡಿಕೊಂಡ ಭಾನುವಾರಗಳ ಬಗ್ಗೆ. ಅವು ಚೆನ್ನಾಗಿದ್ದವು. ಅವರು ನಿಜವಾಗಿಯೂ ಒಂಟಿಯಾಗಿದ್ದರು, ಮತ್ತು ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಆಮೇಲೆ ಬರಹದಲ್ಲಿ ಮಸ್ಕಿಯ ತಾಯಿ ಬಂದಳು. ಪ್ರೀತಿ ಕೆಲವೊಮ್ಮೆ ಇಲ್ಲ ಎನ್ನಬೇಕಾಗುತ್ತದೆ ಎಂಬುದನ್ನು ತಾವು ಆಕೆಯಿಂದ ಕಲಿತದ್ದಾಗಿ ಬರೆದಿದ್ದರು. ಆಕೆ ಕಣ್ಣೀರಿಟ್ಟು, ಅಮ್ಮಾ ನೀವು ಮಾಡಿದ್ದು ಸರಿ ಎಂದಳಂತೆ. ಆ ದಿನದ ನಂತರ ಪ್ರತಿಯೊಂದು ಬೂಟೂ ಸವೆದು ಬಂತಂತೆ.

ಆಕೆ ಹಾಗೆ ಏನಾದರೂ ಹೇಳಿದ್ದರೆ ಅದು ನನ್ನ ಬಾಯಿಯ ಮೂಲಕವೇ ಅವರಿಗೆ ಮುಟ್ಟಬೇಕಿತ್ತು. ನಾನು ಆ ಮಾತನ್ನು ಅನುವಾದಿಸಿದ ನೆನಪಿಲ್ಲ. ಆ ಸಂಜೆ ಮಾತ್ರ ಅನುವಾದಿಸಿದೆ. ಸಭೆಯವರು ತಲೆದೂಗಿದರು.

ಅವರು ಹೋದರು. ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ, ಡಾಕ್ಟರು ತಿಂಗಳಿಗೊಮ್ಮೆ ಬಂದು ನಡೆಸುತ್ತಿದ್ದರು. ನಾನು ಆ ಕೆಲಸ ಬಿಟ್ಟು, ಮನೆಮನೆ ಸಮೀಕ್ಷೆ ಮಾಡುವ ಇನ್ನೊಂದು ಕೆಲಸ ಹಿಡಿದೆ. ಮರುವರ್ಷ ಸಮೀಕ್ಷೆಗೆಂದೇ ಮಸ್ಕಿಗೆ ಹೋದಾಗ ಆ ಕಿರಾಣಿ ಅಂಗಡಿಯನ್ನು ಹುಡುಕಿದೆ. ಅಂಗಡಿಯ ಹಿಂದೆಯೇ ಮನೆ. ಅತ್ತೆಗೆ ನನ್ನ ಗುರುತು ಸಿಕ್ಕಿತು.

"ಬಾರಪಾ ಲಿಂಗ ಇಲ್ಲದವ," ಅಂದರು. "ಚಪ್ಪಲಿ ಅಲ್ಲೇ ಬಿಡು. ಚಾ ಕುಡಿ."

ಸೊಸೆ ಎಲ್ಲಿ ಎಂದು ಕೇಳಿದೆ.

"ತವರಿಗೆ ಹೋಗ್ಯಾಳ. ಯುಗಾದಿಗೆ ಹೋದಾಕಿ. ಕರಿಯಾಕ ಯಾರೂ ಹೋಗಿಲ್ಲ. ಕೂಸು ಪಾದದ ಮಗ್ಗಲ ಮ್ಯಾಲೆ ನಡಿತೈತಿ, ಮಂದಿ ಮುಂದ ಏನಂತ ಹೇಳೂದು? ಇರಲಿ ಅಲ್ಲೇ ಒಂದೀಟು ದಿನ."

ಒಲೆಯ ಮೇಲಿನ ಚಹದ ಪಾತ್ರೆಯನ್ನು ಅತ್ತೆ ಎರಡು ಸಣ್ಣ ಬಟ್ಟೆ ಚೀಲಗಳಲ್ಲಿ ಬೆರಳು ತೂರಿಸಿ ಇಳಿಸಿದರು. ಹಳೆಯ ಖಣದ ಬಟ್ಟೆ, ಎರಡು ಪದರ, ಅಂಗೈ ಅಗಲ. ಮಸಿ ಹತ್ತಿತ್ತು. ಪಾತ್ರೆ ಹಿಡಿಯಲು ಯಾರೂ ಅಂಥ ಆಕಾರದಲ್ಲಿ ಹೊಲಿಯುವುದಿಲ್ಲ. ಕೆಳಗೆ ಎರಡರಲ್ಲೂ ಉದ್ದಕ್ಕೆ ಒಂದೊಂದು ಸೀಳು, ಅದರ ಅಂಚಿಗೆ ಕಾಜಾ ಹೊಲಿಗೆ.

"ಏನ್ರಿ ಅವು?"

"ಇವಾ? ಕೂಸಿನ ಬೂಟಿನ ಗವಸು. ಇಕಿನ ಹೊಲದಿದ್ಲು. ಒಳಗ ಬರಬೇಕಂದ್ರ ತೊಗಲ ಕಾಣಬಾರದು, ನೆಲಕ್ಕ ಮುಟ್ಟಬಾರದು ಅಂದಿದ್ದೆ. ದಿನಾ ಒಗದು ಹಾಕಬೇಕು, ಬೂಟು ಒದ್ದಿ ಅರಬಿ ತಗೊಂಡು ಒಳಗ ಹೊರಗ ಒರಸಬೇಕು, ಆಮ್ಯಾಲೆ ವಿಭೂತಿ ಹಚ್ಚಬೇಕು ಅಂದೆ. ಮಾಡಿದ್ಲು. ಚಳಿಯಾಗ ಒಗದು ಒಗದು ಕೈ ಬಿರಕು ಬಿಟ್ಟಿದ್ವು."

"ಸಿಂಧನೂರಿಗೆ ಬಂದಾಗ ಇವು ಇರಲಿಲ್ಲಲ್ರಿ."

"ಬಸ್ಸು ಇಳಿದ ಕೂಡಲೆ ಬಿಚ್ಚಿ ಚೀಲದಾಗ ಇಟ್ಕೋತಿದ್ಲು. ಬೂಟಿನ ಮ್ಯಾಲೆ ಏನೂ ಸುತ್ತಬ್ಯಾಡ ಅಂತ ನೀವ ಅಂದಿದ್ರಿ. ನೋಡಿದ್ರ ಬೈತಾರ ಅಂತ ಅಂಜತಿದ್ಲು."

ನಾನು ಕೇಳಿದೆ. "ದಿನಾ ಹಾಕತಿದ್ಲೇನ್ರಿ ಬೂಟು?"

"ಹಾಕತಿದ್ಲು ಅಂದ್ರ! ಬಿಚ್ಚಿದ್ರಲ್ಲ ಹಾಕೂ ಮಾತು. ಕೂಸು ಅತ್ತು ಅತ್ತು ನೀಲಿ ಆಗತಿತ್ತು. ತೆಗಿಯೇ ಪಾಪಿ ಅಂದ್ರ, ತೆಗೀಲಿಲ್ಲ. ನನ್ನ ಕೂಡ ಮಾತು ಬಿಟ್ಲು, ಬೂಟು ಬಿಡಲಿಲ್ಲ. ಹಟಮಾರಿ."

"ಮತ್ತ ಅವತ್ತು ನೀವು ಅಲ್ಲೇ ಕುಂತಿದ್ರಿ. ಯಾಕ ಹೇಳಲಿಲ್ರಿ?"

ಅತ್ತೆ ಚಹ ಸೋಸಿ ನನ್ನ ಮುಂದೆ ಇಟ್ಟರು.

"ನನ್ನ ಯಾರು ಕೇಳಿದ್ರು? ನೀ ಕೇಳಿದ್ದು ಆಕಿನ್ನ."

ಚಹ ಕುಡಿದೆ. ಒಂದು ಗವಸು ಕೊಡಿ ಎಂದೆ. ಯಾಕೆಂದು ಕೇಳಲಿಲ್ಲ, ಒಂದನ್ನು ಕೊಟ್ಟು, ಉಳಿದ ಒಂದರಲ್ಲೇ ಪಾತ್ರೆ ಹಿಡಿಯುವುದು ಹೇಗೆ ಎಂದು ಗೊಣಗಿದರು. ಅತ್ತೆಯ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಸೊಸೆ ಮನೆ ಬಿಟ್ಟ ಮೇಲೆ ಆಕೆಯ ಹಟದ ಕಥೆಯನ್ನು ದೊಡ್ಡದು ಮಾಡಿ ಹೇಳುವುದು ಯಾವ ಅತ್ತೆಗೂ ಕಷ್ಟವಲ್ಲ.

ಆದ್ದರಿಂದ ಸಿಂಧನೂರಿಗೆ ಹೋದೆ. ಕ್ಲಿನಿಕ್ಕಿನ ಕಪಾಟಿನಲ್ಲಿ ಆ ಕೂಸಿನದೇ ನಂಬರಿನ ಒಂದು ಜೊತೆ ಬೂಟು ಇತ್ತು. ಗವಸಿನ ಮಸಿ ತೊಳೆದು, ಒಣಗಿಸಿ, ಬೂಟಿನ ಮೇಲೆ ಎಳೆದು ಹಾಕಿದೆ. ಬರೋಬ್ಬರಿ ಕೂತಿತು. ಕಬ್ಬಿಣದ ಪಟ್ಟಿ ಆ ಕಾಜಾ ಸೀಳಿನಿಂದ ಹೊರಬಂತು. ಹಿಮ್ಮಡಿಯ ಹೊರ ಅಂಚಿನಲ್ಲಿ ಬಟ್ಟೆಯ ಎರಡೂ ಪದರ ಸವೆದು ತೂತಾಗಿತ್ತು. ಅದಕ್ಕೆ ತೇಪೆ ಹಾಕಿದ್ದರು, ತೇಪೆಯೂ ಸವೆದಿತ್ತು. ಒಳಬದಿಯಲ್ಲಿ ಒಗೆದರೂ ಹೋಗದ ಉಚ್ಚೆಯ ಹಳದಿ ಕಲೆ ಇತ್ತು.